ದಂಡಿನಿಂದ ಮನೆಗೆ ಬಂದವರು



ಹೋದ ಸಂಚಿಕೆಯಲ್ಲಿ ಹೊಸ ಹುಣಿಸೆಹಣ್ಣನ್ನು ವರ್ಷವಿಡೀ ಕಪ್ಪಾಗದಂತೆ ಇಡುವುದು ಹೇಗೆಂದು ಬರೆದಿದ್ದೆ. ನಿಮ್ಮಲ್ಲಿ ಹಲವರು ಕಾಗದ ಬರೆದು ನಿಮ್ಮ ನಿಮ್ಮ ಮನೆಯ ರೀತಿಯನ್ನೂ ತಿಳಿಸಿದಿರಿ. ಬಹಳ ಸಂತೋಷ. ಆ ಕಾಗದಗಳ ನಡುವೆ ಒಂದು ಮಾತ್ರ ಹುಣಿಸೆಹಣ್ಣಿನದಾಗಿರಲಿಲ್ಲ. ಹೆಸರು, ಊರು ಹಾಕದ ಆ ಸೋದರಿ ಬರೆದದ್ದು ನಾಲ್ಕೇ ಸಾಲು:

"ನಮ್ಮ ಯಜಮಾನರು ಮಿಲಿಟರಿಯಿಂದ ರಿಟೈರಾಗಿ ಬಂದು ಹತ್ತು ತಿಂಗಳಾಯಿತು. ಅವರು ಬರಲೆಂದು ಹದಿನಾರು ವರ್ಷ ಕಾದೆ. ಈಗ ಅವರು ಯಾವಾಗ ಮನೆಯಿಂದ ಹೊರಗೆ ಹೋಗುತ್ತಾರೋ ಎಂದು ಕಾಯುತ್ತೇನೆ. ನಾನು ಕೆಟ್ಟವಳೇ?"

ಇಲ್ಲಮ್ಮ, ನೀನು ಕೆಟ್ಟವಳಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅವರೂ ಕೆಟ್ಟವರಲ್ಲ. ಇಬ್ಬರೂ ಒಳ್ಳೆಯವರಾಗಿದ್ದರೂ ಒಂದು ಮನೆ ಹೀಗೇಕಾಗುತ್ತದೆ ಎನ್ನುವುದೇ ಈ ಸಲದ ಮಾತು. ನಿಮ್ಮ ಮನೆಯಲ್ಲಿ ಸೈನಿಕರಿಲ್ಲದಿದ್ದರೂ ಓದಿ. ನಿಮ್ಮ ಬೀದಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ.

ನನ್ನ ತವರು ಬಡವನಹಳ್ಳಿ. ಮಧುಗಿರಿಯಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ನಮ್ಮ ಕಡೆಯ ನೆಲ ನಿಮಗೆ ಗೊತ್ತಲ್ಲ, ಮಳೆ ಬಂದರೆ ಕಡಲೆಕಾಯಿ, ರಾಗಿ, ಹುರುಳಿ. ಬಾರದಿದ್ದರೆ ಆಕಾಶ ನೋಡಿಕೊಂಡು ಕೂರುವುದು. ಅಂಥ ಊರುಗಳಿಂದ ಗಂಡುಮಕ್ಕಳು ಪೋಲೀಸಿಗೂ ದಂಡಿಗೂ ಸೇರುವುದು ಹೊಸದಲ್ಲ. ತಿಂಗಳು ತಿಂಗಳು ಬರುವ ಸಂಬಳಕ್ಕೆ ಮಳೆಯ ಹಂಗಿಲ್ಲ ನೋಡಿ! ಮಧುಗಿರಿಯಲ್ಲಿ ನೆಲೆಸಿರುವ ಅಮ್ಮನ ಹೆಸರೇ ದಂಡಿನ ಮಾರಮ್ಮ. ದಂಡಿಗೆ ಹೊರಟವನ ತಾಯಿ ಅಮ್ಮನಿಗೆ ಹರಕೆ ಹೊರುತ್ತಾಳೆ. ಅವನು ತಿರುಗಿ ಬಂದ ದಿನ ಹರಕೆ ತೀರಿತು ಎಂದುಕೊಳ್ಳುತ್ತೇವೆ. ಕಷ್ಟ ಶುರುವಾಗುವುದೇ ಆಮೇಲೆ ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದೊಡ್ಡಪ್ಪನ ಕಥೆ

ನನ್ನ ದೊಡ್ಡಪ್ಪ ದಂಡಿಗೆ ಸೇರಿದ್ದು 1963ರಲ್ಲಿ. ಹಿಂದಿನ ವರ್ಷ ಚೀನಾದ ಜೊತೆ ಯುದ್ಧವಾಗಿ, ಸೈನ್ಯಕ್ಕೆ ಜನ ಬೇಕಾಗಿದ್ದ ಕಾಲ. 1971ರಲ್ಲಿ ಅವರು ಪೂರ್ವದ ಕಡೆ ಇದ್ದರು. ಆ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು, 93 ಸಾವಿರ ಮಂದಿ ಸೆರೆಯಾದರು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. 1974ರಲ್ಲಿ ದೊಡ್ಡಪ್ಪ ಟ್ರಂಕು ಹೊತ್ತುಕೊಂಡು ಊರಿಗೇ ಬಂದುಬಿಟ್ಟರು. ನನಗಾಗ ಹತ್ತು ವರ್ಷ.

ಊರವರೆಲ್ಲ ಅರಳಿಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದುದು ಒಂದೇ. "ಎಷ್ಟು ಜನಾನ ಹೊಡೆದೆ ಹೇಳಪ್ಪಾ?" ದೊಡ್ಡಪ್ಪ ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. "ಅಲ್ಲಿ ನದಿಗಳು ಬಾಳ ದೊಡ್ಡವು ಕಣ್ರಪ್ಪ. ಆ ದಡ ಕಾಣಾಕಿಲ್ಲ" ಎನ್ನುತ್ತಿದ್ದರು. ಮತ್ತೆ ಕೇಳಿದರೂ ಮತ್ತೆ ನದಿಯ ಮಾತೇ. ಜನಕ್ಕೆ ಬೇಜಾರಾಗಿ ಎದ್ದು ಹೋಗುತ್ತಿದ್ದರು.

ಆಗ ನಮ್ಮ ಕಡೆ ಬಾವಿ ತೋಡುವಾಗ ಬಂಡೆ ಸಿಕ್ಕರೆ ಮದ್ದು ಹಾಕಿ ಸಿಡಿಸುತ್ತಿದ್ದರು. ಒಂದು ಮಧ್ಯಾಹ್ನ ನಾನು ದೊಡ್ಡಪ್ಪನ ಕೈಹಿಡಿದು ಹೊಲದ ಕಡೆ ಹೋಗುತ್ತಿದ್ದೆ. ಪಕ್ಕದ ಹೊಲದಲ್ಲಿ ಮದ್ದು ಸಿಡಿಯಿತು. ಮರುಕ್ಷಣ ನಾನು ನೆಲದ ಮೇಲಿದ್ದೆ, ನನ್ನ ಮೇಲೆ ದೊಡ್ಡಪ್ಪ. ಎರಡು ಮೊಣಕಾಲೂ ತರಚಿ ರಕ್ತ ಬಂದಿತ್ತು. ಅವರು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಗಡಗಡ ನಡುಗುತ್ತಿದ್ದರು. ಬಾವಿಯ ಆಳುಗಳು ಓಡಿಬಂದು ನೋಡಿ, ಏನೂ ಆಗಿಲ್ಲವೆಂದು ತಿಳಿದ ಮೇಲೆ ಬಿದ್ದು ಬಿದ್ದು ನಕ್ಕರು. "ಮಿಲ್ಟ್ರಿಯವ್ನಿಗೆ ಬಾವಿ ಮದ್ದಿಗೇ ಹೆದರಿಕೆ!" ಎಂಬ ಮಾತು ಸಂಜೆಯ ಹೊತ್ತಿಗೆ ಊರೆಲ್ಲ ಹಬ್ಬಿತು. ಹೇಳಲು ನಾಚಿಕೆ, ನಾನೂ ಗೆಳತಿಯರ ಮುಂದೆ ಅದನ್ನು ಅಭಿನಯಿಸಿ ತೋರಿಸಿದ್ದೆ. ಆವತ್ತಿನಿಂದ ದೊಡ್ಡಪ್ಪ ಅರಳಿಕಟ್ಟೆಗೆ ಹೋಗಲಿಲ್ಲ.

ಗಾಳಿ ಸೋಕಿದೆ ಎಂದರು, ಯಂತ್ರ ಕಟ್ಟಿಸಿದರು. ಹರಕೆ ಹೊತ್ತರು. ಹರಕೆ ತಪ್ಪು ಎಂದು ನಾನು ಹೇಳುವುದಿಲ್ಲ. ಹರಕೆಯ ಜೊತೆಗೆ ಡಾಕ್ಟರೂ ಬೇಕಾಗಿತ್ತು, ಅಷ್ಟೆ. ಸಿಕ್ಕಿದ್ದು ಸಾರಾಯಿ. ಐವತ್ತೊಂದನೆಯ ವಯಸ್ಸಿಗೆ ಹೋಗಿಬಿಟ್ಟರು. ಅವರು ಹೋದ ಎಷ್ಟೋ ವರ್ಷದ ಮೇಲೆ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಾಗ ದೊಡ್ಡಮ್ಮ ತಲೆ ಎತ್ತದೆ ಹೇಳಿದರು: "ಇಪ್ಪತ್ತು ವರ್ಷ ಅವರು ನಿದ್ದೆ ಮಾಡ್ಲಿಲ್ಲ ಕಣೇ. ಪಕ್ಕದಲ್ಲಿ ಮಲಗಿ ನಾನೂ ಮಾಡ್ಲಿಲ್ಲ."

ಯುದ್ಧಕ್ಕೆ ಹೋದವರು ಒಬ್ಬರು, ಆದರೆ ನಿದ್ದೆಗೆಟ್ಟವರು ಇಬ್ಬರು. ದೊಡ್ಡಪ್ಪನಿಗಾದರೂ ಒಂದು ಪದಕವಿತ್ತು.

ಇದಕ್ಕೆ ಹೆಸರಿದೆ

ಇದು ನಮ್ಮ ಊರಿನ ಗಾಳಿಯಲ್ಲ, ನಮ್ಮ ದೊಡ್ಡಪ್ಪನ ಹೇಡಿತನವೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಮೈ ಮೇಲೆ ಒಂದು ಗಾಯವೂ ಇಲ್ಲದ ಸಿಪಾಯಿಗಳು ನಡುಗುವುದು, ಮಾತು ನಿಲ್ಲುವುದು, ರಾತ್ರಿ ಕಿರುಚಿ ಏಳುವುದು ಕಂಡು ಡಾಕ್ಟರುಗಳು ತಬ್ಬಿಬ್ಬಾದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಇಂಗ್ಲಿಷ್ ವೈದ್ಯರು ಇದನ್ನು 'ಷೆಲ್ ಷಾಕ್' ಎಂಬ ಹೆಸರಿನಿಂದ ವೈದ್ಯರ ಪತ್ರಿಕೆಯಲ್ಲಿ ಬರೆದರು. ಆಗಲೂ ಎಷ್ಟೋ ಮಂದಿಯನ್ನು ಹೇಡಿಗಳೆಂದೇ ಬೈದರು. ಈಗಿರುವ ಹೆಸರು, ಅಂದರೆ ಆಘಾತದ ನಂತರ ಉಳಿಯುವ ಮನಸ್ಸಿನ ಕಾಯಿಲೆ, ಇಂಗ್ಲಿಷಿನಲ್ಲಿ ಪಿ.ಟಿ.ಎಸ್.ಡಿ., ಅಮೆರಿಕದ ಮನೋವೈದ್ಯರ ಪುಸ್ತಕದಲ್ಲಿ ಸೇರಿದ್ದು 1980ರಲ್ಲಿ. ದೊಡ್ಡಪ್ಪ ಊರಿಗೆ ಬಂದು ಆಗ ಆರು ವರ್ಷವಾಗಿತ್ತು.

ನಮ್ಮ ಮೈಸೂರಿನ ಲ್ಯಾನ್ಸರ್ಸ್ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ಪಟ್ಟಣವನ್ನು ಗೆಲ್ಲುವುದರಲ್ಲಿ ಭಾಗಿಗಳಾದರು. ಅವರ ನೆನಪಿಗೆ ದೆಹಲಿಯಲ್ಲಿ ತ್ರಿಮೂರ್ತಿ ಪ್ರತಿಮೆ ಇದೆ, ಬೆಂಗಳೂರಿನಲ್ಲಿ ಸ್ಮಾರಕ ಕಂಬವಿದೆ. ಹೋಗಿ ನೋಡಿ, ಹೆಮ್ಮೆಯಾಗುತ್ತದೆ. ಆದರೆ ಆ ಸವಾರರು ತಮ್ಮ ತಮ್ಮ ಊರಿಗೆ ಬಂದ ಮೇಲೆ ರಾತ್ರಿ ಹೇಗೆ ಮಲಗಿದರು ಎಂಬುದನ್ನು ಕಲ್ಲಿನ ಮೇಲೆ ಕೆತ್ತುವ ರೂಢಿಯಿಲ್ಲ. ಅದು ಮನೆಯ ಹೆಂಗಸರಿಗಷ್ಟೇ ಗೊತ್ತಿರುವ ಸಂಗತಿ.

ಒಂದು ಮಾತು ಚೆನ್ನಾಗಿ ನೆನಪಿಡಿ. ದಂಡಿನಿಂದ ಬಂದವರೆಲ್ಲರಿಗೂ ಈ ಕಾಯಿಲೆ ಬರುವುದಿಲ್ಲ. ಬಹುಮಂದಿಗೆ ಬೇಕಾಗಿರುವುದು ಹೊಸ ಬದುಕಿಗೆ ಒಗ್ಗಿಕೊಳ್ಳಲು ಸ್ವಲ್ಪ ಕಾಲ, ಕೈಗೊಂದು ಕೆಲಸ. ಸಿಪಾಯಿಯಾಗಿ ಸೇರಿದವರು ಹದಿನೈದು-ಹದಿನೇಳು ವರ್ಷ ದುಡಿದು ಮೂವತ್ತೈದು-ನಲವತ್ತಕ್ಕೆಲ್ಲ ಮನೆಗೆ ಬಂದುಬಿಡುತ್ತಾರೆ. ಮೇಷ್ಟ್ರು, ಗುಮಾಸ್ತರು ಅರವತ್ತಕ್ಕೆ ರಿಟೈರಾಗುತ್ತಾರೆ, ಇವರಿಗಾದರೋ ಅರ್ಧ ಆಯುಷ್ಯ ಮುಂದಿರುತ್ತದೆ! 2022ರಿಂದ ಅಗ್ನಿವೀರರಾಗಿ ಸೇರಿದ ಹುಡುಗರಲ್ಲಿ ಹೆಚ್ಚಿನವರು ನಾಲ್ಕೇ ವರ್ಷಕ್ಕೆ ಹಿಂದಿರುಗುವವರು. ಆದ್ದರಿಂದ ಈ ಮಾತು ಇನ್ನು ಮೇಲೆ ಇನ್ನೂ ಹೆಚ್ಚು ಮನೆಗಳದಾಗುತ್ತದೆ.

ತಮ್ಮ ಬಂದ ವರ್ಷ

ಈಗ ನನ್ನ ಚಿಕ್ಕಪ್ಪನ ಮಗನ ವಿಷಯ ಹೇಳುತ್ತೇನೆ. ಅವನನ್ನೂ ಅವನ ಹೆಂಡತಿಯನ್ನೂ ಕೇಳಿಯೇ ಬರೆಯುತ್ತಿದ್ದೇನೆ. "ಬರೀ ಅಕ್ಕ, ಹೆಸರು ಮಾತ್ರ ಬೇಡ" ಎಂದ.

ಅವನು 2003ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಸೇರಿದ. ರಸ್ತೆ, ಸೇತುವೆ ಕಟ್ಟುವುದು, ನೆಲದಲ್ಲಿ ಹೂತಿಟ್ಟ ಬಾಂಬು ಹುಡುಕಿ ತೆಗೆಯುವುದು ಆ ಪಡೆಯ ಕೆಲಸ. ಕಾಶ್ಮೀರದಲ್ಲಿ ಎರಡು ಸಲ ಇದ್ದ. ಒಂದು ಬೆಳಿಗ್ಗೆ ಅವನ ಮುಂದಿನ ಗಾಡಿ ಹೋಯಿತು, ಅದರಲ್ಲಿದ್ದ ಸ್ನೇಹಿತನೂ ಹೋದ. ಅವನು ನಮಗೆ ಹೇಳಿರುವುದು ಅಷ್ಟೇ. ನಾವೂ ಅದಕ್ಕಿಂತ ಹೆಚ್ಚು ಕೇಳಿಲ್ಲ.

2020ರಲ್ಲಿ, ಕೊರೊನಾ ಬಂದ ವರ್ಷವೇ, ಅವನು ಪೆನ್ಷನ್ ಪಡೆದು ಊರಿಗೆ ಬಂದ. ಎಲ್ಲೂ ಕೆಲಸವಿಲ್ಲ, ಬಸ್ಸಿಲ್ಲ, ಶಾಲೆಯಿಲ್ಲ. ನಾಲ್ಕು ಗೋಡೆಯ ಮಧ್ಯೆ ಐದು ಜನ. ಆ ಹದಿನೇಳು ವರ್ಷದಲ್ಲಿ ಎರಡು ಎಕರೆ ಕಡಲೆಕಾಯಿ ಹೊಲ, ಹಸು, ಡೈರಿಗೆ ಹಾಲು, ಮಾವನ ಔಷಧಿ, ಮಕ್ಕಳ ಓದು, ಬ್ಯಾಂಕು, ಎಲ್ಲ ಮನೆವಾರ್ತೆಯನ್ನೂ ಅವನ ಹೆಂಡತಿಯೇ ತೂಗಿಸಿದ್ದಳು. ಬಂದ ವಾರಕ್ಕೆ ಅವನು ಪಾಸ್‌ಬುಕ್ಕೂ ಕಾರ್ಡೂ ತನ್ನ ಹತ್ತಿರ ಇಟ್ಟುಕೊಂಡ. ಗೋಡೆಯ ಮೇಲೆ ಟೈಂಟೇಬಲ್ ಅಂಟಿಸಿದ. ಐದಕ್ಕೆ ಏಳುವುದು, ಐದೂವರೆಗೆ ಓಟ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದ. ನಗಬೇಡಿ! ಜೀರಿಗೆ ಡಬ್ಬಿ ಹುಡುಕಿ ಹುಡುಕಿ ಅವಳು ಅತ್ತುಬಿಟ್ಟಳಂತೆ.

ಅವಳು ನನಗೆ ಫೋನು ಮಾಡಿ, "ಅತ್ತಿಗೆ, ನಿಮ್ಮ ತಮ್ಮ ಮೊದಲಿನ ಹಾಗಿಲ್ಲ. ರಾತ್ರಿ ಹಿಂದೀಲಿ 'ರುಕೋ, ರುಕೋ' ಅಂತ ಕೂಗ್ತಾರೆ. ಬಾಗಿಲಿಗೆ ಬೆನ್ನು ಹಾಕಿ ಕೂರಲ್ಲ" ಎಂದಳು. ನಾನು ಏನೆಂದೆ ಗೊತ್ತೇ? ಇಷ್ಟು ವರ್ಷ ನಿಮಗೆಲ್ಲ ಸಲಹೆ ಬರೆಯುತ್ತಾ ಬಂದ ನಾನು, ದೊಡ್ಡಮ್ಮನ ಮಾತು ಕಿವಿಯಾರೆ ಕೇಳಿದ ನಾನು, "ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಎಲ್ಲ ಸರಿಹೋಗುತ್ತೆ" ಎಂದುಬಿಟ್ಟೆ. ಈಗಲೂ ನೆನೆದರೆ ನಾಲಗೆ ಕಚ್ಚಿಕೊಳ್ಳುವಂತಾಗುತ್ತದೆ.

ಒಮ್ಮೆ ಊರಿಗೆ ಹೋದಾಗ ಎಲ್ಲರೂ ಹೊಲಕ್ಕೆ ಹೊರಟೆವು. ಅವನು ಮುಂದೆ, ಕಣ್ಣು ನೆಲದ ಮೇಲೆ. ಮಕ್ಕಳಿಗೆ, "ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಡಬೇಕು, ಆ ಕಡೆ ಈ ಕಡೆ ಹೋಗಬಾರದು" ಎಂದು ಗದರಿಸುತ್ತಿದ್ದ. ನಮ್ಮ ಅಜ್ಜ, ಮುತ್ತಜ್ಜ ನಡೆದ ಬದು ಅದು! ಮಗಳು ಮೆಲ್ಲಗೆ ನನ್ನ ಕಿವಿಯಲ್ಲಿ, "ಅತ್ತೆ, ಅಪ್ಪ ಯಾವಾಗ ವಾಪಸ್ ಡ್ಯೂಟಿಗೆ ಹೋಗ್ತಾರೆ?" ಎಂದಳು. ಮೆಲ್ಲಗೇ ಎಂದಳು, ಆದರೆ ಅವನಿಗೆ ಕೇಳಿಸಿತು. ತಿರುಗಿ ನೋಡಲಿಲ್ಲ. ಅವತ್ತು ರಾತ್ರಿಯಿಂದ ತಾರಸಿಯ ಮೇಲೆ ಒಬ್ಬನೇ ಮಲಗತೊಡಗಿದ.

2021ರ ದೀಪಾವಳಿ. ಮಗ ಹಿಂದಿನಿಂದ ಬಂದು ಆಟಕ್ಕೆಂದು ಪಟಾಕಿ ಸರ ಹಚ್ಚಿದ. ಅವನು ಗರ್ರನೆ ತಿರುಗಿ ಹುಡುಗನ ಕುತ್ತಿಗೆಗೆ ಕೈಹಾಕಿ ಗೋಡೆಗೆ ಒತ್ತಿಬಿಟ್ಟ. ಹೆಂಡತಿ ಹೆಸರು ಹಿಡಿದು ಕೂಗಿದಳು. ಎಂದೂ ಗಂಡನ ಹೆಸರು ಹೇಳದವಳು! ಕೈ ಬಿಟ್ಟಿತು. ಹುಡುಗನಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಅವನು ಮಾತ್ರ ಬರಿಗಾಲಲ್ಲಿ ಹೊರಟುಹೋದ. ಬೆಳಗಿನ ಜಾವ ಅವಳು ಹುಡುಕಿಕೊಂಡು ಹೋದಾಗ ಹೊಲದ ಪಂಪ್‌ಸೆಟ್ ಮನೆಯಲ್ಲಿ ಮೂಲೆ ಹಿಡಿದು ಕುಳಿತಿದ್ದ. "ನನ್ನ ಕೈ ನನ್ನ ಮಾತು ಕೇಳಲಿಲ್ಲ" ಎಂದನಂತೆ.

ಆವತ್ತು ಅವಳು ನನಗೆ ಮತ್ತೆ ಫೋನು ಮಾಡಿದಳು. ಈ ಸಲ ನಾನು ಹೊಂದಿಕೊಂಡು ಹೋಗು ಎನ್ನಲಿಲ್ಲ. ಮಾರನೆಯ ದಿನವೇ ಊರಿಗೆ ಹೋಗಿ ದೊಡ್ಡಪ್ಪನ ಬಾವಿ ಮದ್ದಿನ ಕಥೆಯನ್ನು ಅವನಿಗೆ ಪೂರ್ತಿ ಹೇಳಿದೆ, ನಾನು ನಕ್ಕದ್ದನ್ನೂ ಸೇರಿಸಿ. ಬಹಳ ಹೊತ್ತು ಸುಮ್ಮನಿದ್ದು, "ದೊಡ್ಡಪ್ಪಂಗೂ ಹಿಂಗೇ ಆಗ್ತಿತ್ತಾ?" ಎಂದ. ಮನಸ್ಸಿಗೆ ಡಾಕ್ಟರು ಎಂದಿದ್ದರೆ ಬರುತ್ತಿರಲಿಲ್ಲ. "ನಿದ್ದೆಗೆ ಔಷಧಿ ಕೇಳೋಣ ಬಾ" ಎಂದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಮೂವರೂ ಹೋದೆವು.

ಒಂದೇ ಸಲಕ್ಕೆ ಗುಣವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆ ತಿಂಗಳುಗಟ್ಟಲೆ ನಡೆಯಿತು. ಮಾತಾಡಿಸಿ ಕೊಡುವ ಚಿಕಿತ್ಸೆಯೂ ನಡೆಯಿತು. ಮಧ್ಯೆ ಒಂದು ಸಲ ತಾನೇ ಮಾತ್ರೆ ನಿಲ್ಲಿಸಿ ಮತ್ತೆ ಕೆಟ್ಟಿತು. ಆದರೆ ಆರು ತಿಂಗಳ ಹೊತ್ತಿಗೆ ಅವನು ತಾರಸಿಯಿಂದ ಕೆಳಗಿಳಿದು ಮಲಗಿದ. ಈಗಲೂ ದೀಪಾವಳಿಯ ಸಂಜೆ ಹೊಲದ ಮನೆಗೆ ಹೋಗುತ್ತಾನೆ. ವ್ಯತ್ಯಾಸವೆಂದರೆ ಮಗನೂ ಜೊತೆಗೆ ಹೋಗುತ್ತಾನೆ. ಇಬ್ಬರೂ ಕಡಲೆಕಾಯಿ ಸುಟ್ಟು ತಿಂದು, ಸದ್ದು ಅಡಗಿದ ಮೇಲೆ ಮನೆಗೆ ಬರುತ್ತಾರೆ.

ಮನೆಯವರು ಏನು ಮಾಡಬೇಕು?

ಈ ನಾಲ್ಕು ವರ್ಷದಲ್ಲಿ ನಾವು ತಪ್ಪಿ ತಪ್ಪಿ ಕಲಿತದ್ದನ್ನೂ ಡಾಕ್ಟರು ಹೇಳಿದ್ದನ್ನೂ ಸೇರಿಸಿ ಬರೆಯುತ್ತೇನೆ.

ಮೊದಲನೆಯದು, ಮಲಗಿರುವವರನ್ನು ಮೈಮುಟ್ಟಿ ಅಲ್ಲಾಡಿಸಿ ಎಬ್ಬಿಸಬೇಡಿ. ಕಾಲ ಬಳಿ, ಸ್ವಲ್ಪ ದೂರ ನಿಂತು ಹೆಸರೋ ವಾಡಿಕೆಯ ಮಾತೋ ಹೇಳಿ ಕರೆಯಿರಿ. ಮಕ್ಕಳಿಗೂ ಹೇಳಿಕೊಡಿ. ಹಿಂದಿನಿಂದ ಬಂದು ಬೆಚ್ಚಿಬೀಳಿಸುವ ಆಟ ಆ ಮನೆಯಲ್ಲಿ ಬೇಡ.

ಎರಡನೆಯದು, "ಎಷ್ಟು ಜನರನ್ನು ಕೊಂದಿರಿ?" ಎಂದು ನೀವೂ ಕೇಳಬೇಡಿ, ನೆಂಟರನ್ನೂ ಕೇಳಗೊಡಬೇಡಿ. ಅವರಾಗಿ ಹೇಳಿದರೆ ಕೆಲಸ ಬಿಟ್ಟು ಕುಳಿತು ಕೇಳಿ. "ಅದೆಲ್ಲ ಮರೆತುಬಿಡಿ" ಎನ್ನಬೇಡಿ. ಮರೆಯುವುದು ಕೈಲಿದ್ದರೆ ಅವರು ಎಂದೋ ಮರೆಯುತ್ತಿದ್ದರು. ದಂಡಿನಲ್ಲಿ ಸೋದರಮಾವನೇ ಎಂಬ ಗಾದೆ ಇದೆಯಲ್ಲ, ಅಲ್ಲಿ ಯಾರೂ ಯಾರಿಗೂ ನೆಂಟರಲ್ಲ ಎಂದು. ನಮ್ಮ ತಮ್ಮನನ್ನು ಕೇಳಿದರೆ ಅದು ಸುಳ್ಳು. ಅಲ್ಲಿದ್ದ ಜೊತೆಗಾರರು ಒಡಹುಟ್ಟಿದವರಿಗಿಂತ ಹೆಚ್ಚು. ತಿಂಗಳಿಗೊಮ್ಮೆ ಮಧುಗಿರಿಯಲ್ಲಿ ನಾಲ್ಕೈದು ಮಂದಿ ಮಾಜಿ ಸೈನಿಕರು ಕಾಫಿಗೆ ಸೇರುತ್ತಾರೆ. "ಅವರ ಹತ್ರ ಬಾಯ್ತುಂಬ ನಗ್ತಾರೆ, ನಮ್ಮ ಹತ್ರ ನಗಲ್ಲ" ಎಂದು ಅವನ ಹೆಂಡತಿ ಮೊದಮೊದಲು ಹೊಟ್ಟೆ ಉರಿಸಿಕೊಂಡಳು. ಈಗ, ಅಲ್ಲಿ ನಕ್ಕು ಬಂದ ದಿನ ಮನೆಯಲ್ಲೂ ಹಗುರಾಗಿರುತ್ತಾರೆ ಎಂದು ಅವಳೇ ಜ್ಞಾಪಿಸಿ ಕಳಿಸುತ್ತಾಳೆ.

ಮೂರನೆಯದು ಕುಡಿತ. ಕ್ಯಾಂಟೀನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಂದು ಊರಿನ ನಾಲ್ಕು ಜನ ಸಂಜೆ ಆದೊಡನೆ ಬಾಗಿಲಿಗೆ ಬರುತ್ತಾರೆ. "ಮಿಲ್ಟ್ರಿಯವ್ರು, ಒಂದು ಬಾಟ್ಲಿ ಕೊಡ್ಸಿ" ಎಂದು. ನಿದ್ದೆಗಾಗಿ ಕುಡಿದವರು ನಿದ್ದೆಯನ್ನೂ ಕಳೆದುಕೊಳ್ಳುತ್ತಾರೆ. ದೊಡ್ಡಪ್ಪನನ್ನು ನೋಡಿದ್ದೇನೆ. ಬಂದವರಿಗೆ ಬಾಗಿಲಲ್ಲೇ ಇಲ್ಲ ಎನ್ನುವ ಕೆಟ್ಟ ಹೆಸರು ನಿಮಗೇ ಇರಲಿ.

ನಾಲ್ಕನೆಯದು ಕೆಲಸ. ನಿನ್ನೆಯವರೆಗೆ ಮೂವತ್ತು ಜನಕ್ಕೆ ಅಪ್ಪಣೆ ಕೊಡುತ್ತಿದ್ದವರಿಗೆ ಇವತ್ತು ಯಾರದೋ ಅಂಗಡಿಯ ಬಾಗಿಲಲ್ಲಿ ಸೆಕ್ಯೂರಿಟಿ ಆಗಿ ನಿಲ್ಲುವುದು ಸುಲಭವಲ್ಲ. ದುಡಿಮೆ ಯಾವುದೂ ಕೀಳಲ್ಲ, ನಿಜ. ಆದರೆ ಅವರ ಮನಸ್ಸಿಗೆ ಚುಚ್ಚುತ್ತದೆ ಎಂಬುದನ್ನು ನಾವು ತಿಳಿದಿರಬೇಕು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಹೆಸರು ಕೇಳಿದ್ದೀರಿ. 1971ರ ಯುದ್ಧ ಕಂಡು, ಇನ್ನೂ ಮೂವತ್ತು ತುಂಬುವ ಮೊದಲೇ ಸೈನ್ಯ ಬಿಟ್ಟು ಬಂದು, ಹಾಸನ ಜಿಲ್ಲೆಯ ಜಾವಗಲ್ ಬಳಿಯ ಬರಡು ಜಮೀನಿನಲ್ಲಿ ಡೇರೆ ಹಾಕಿಕೊಂಡು ಬೇಸಾಯಕ್ಕೆ ಇಳಿದವರು. 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದ್ದು ಆಮೇಲಿನ ಮಾತು. ನಾವು ನೋಡಬೇಕಾದದ್ದು ನಡುವಿನ ಆ ವರ್ಷಗಳನ್ನು. ಅವರನ್ನು ಕೈಹಿಡಿದು ಆ ಹೊಲಕ್ಕೇ ಸಂಸಾರ ಮಾಡಲು ಬಂದ ಭಾರ್ಗವಿ ಅವರನ್ನೂ ನೆನೆಯಬೇಕು. ಎಲ್ಲರೂ ವಿಮಾನ ಹಾರಿಸಬೇಕಾಗಿಲ್ಲ. ನಮ್ಮ ತಮ್ಮ ಹತ್ತು ಕುರಿ ಕಟ್ಟಿಕೊಂಡ, ಬೆಳಿಗ್ಗೆ ಊರ ಹುಡುಗರಿಗೆ ಓಟ ಕಲಿಸುತ್ತಾನೆ. ಟೈಂಟೇಬಲ್ ಮನೆಯ ಗೋಡೆ ಬಿಟ್ಟು ಶಾಲೆಯ ಮೈದಾನಕ್ಕೆ ಹೋಯಿತು, ಬದುಕಿದೆವು!

ಐದನೆಯದು ನಿಮ್ಮ ಅಧಿಕಾರ. ಇಷ್ಟು ವರ್ಷ ಮನೆ ನಡೆಸಿದವರು ನೀವು. ಯಜಮಾನರು ಬಂದರೆಂದು ಎಲ್ಲವನ್ನೂ ಒಂದೇ ದಿನ ಕೈಬಿಟ್ಟು ಮೂಲೆಗೆ ಕೂರಬೇಡಿ. ಎಲ್ಲವನ್ನೂ ಬಿಗಿಯಾಗಿ ಹಿಡಿದುಕೊಂಡು ಅವರನ್ನು ನೆಂಟರಂತೆಯೂ ಕೂರಿಸಬೇಡಿ. ಹಸು ನಿಮ್ಮದು, ಬೋರ್‌ವೆಲ್ ಅವರದು ಎಂದು ಹಂಚಿಕೊಳ್ಳಿ. ಬ್ಯಾಂಕಿನ ಖಾತೆ ಇಬ್ಬರ ಹೆಸರಿನಲ್ಲೂ ಇರಲಿ. ನಿವೃತ್ತಿಯ ಹಣ ಒಟ್ಟಿಗೆ ಬಂದಾಗ ಸಾಲ ಕೇಳುವ ನೆಂಟರೂ ಚೀಟಿಯವರೂ ಒಟ್ಟಿಗೇ ಬರುತ್ತಾರೆ. "ಮನೆಯಲ್ಲಿ ಕೇಳಿ ಹೇಳ್ತೀನಿ" ಎಂದು ಅವರು ಹೇಳುವಂತಾಗಲಿ.

ಕಡೆಯದು, ಬಹಳ ಮುಖ್ಯವಾದದ್ದು. ಕಾಯಿಲೆ ಎಂದು ತಿಳಿದುಕೊಳ್ಳುವುದು ಬೇರೆ, ಹೊಡೆತ ತಿನ್ನುವುದು ಬೇರೆ. ನಿಮ್ಮ ಮೇಲೆ, ಮಕ್ಕಳ ಮೇಲೆ ಕೈ ಬಿದ್ದರೆ ಮುಚ್ಚಿಡಬೇಡಿ. ಮಕ್ಕಳನ್ನು ಕರೆದುಕೊಂಡು ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. 112ಕ್ಕೆ, ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಿ. ಹಾಗೆಯೇ, "ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು ಅವರ ಬಾಯಿಂದ ಬಂದರೆ ಬೇಜಾರಿಗೆ ಅಂದದ್ದು ಎಂದು ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡಬೇಡಿ, ಆ ದಿನವೇ ಡಾಕ್ಟರಲ್ಲಿಗೆ ಹೋಗಿ.

ಎಲ್ಲಿಗೆ ಹೋಗಬೇಕು, ಏನು ಇಟ್ಟುಕೊಳ್ಳಬೇಕು?

ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರಲ್ಲಿ ಶುರುವಾಗಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ. ಗಂಡ ಒಪ್ಪದಿದ್ದರೆ ಮೊದಲು ನೀವೇ ಮಾಡಿ, ನಿಮ್ಮ ಕಷ್ಟಕ್ಕೂ ಅದು ಇದೆ. ಮಾಜಿ ಸೈನಿಕರಿಗೆ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ 2003ರಿಂದ ಇದೆ. ಪತ್ನಿಗೂ ಅವಲಂಬಿತ ಮಕ್ಕಳಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತದೆ. ಕಾರ್ಡು ಮಾಡಿಸಿ ಪೆಟ್ಟಿಗೆಯಲ್ಲಿಡಬೇಡಿ, ಬಳಸಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯೂ ಇದೆ. ಪೆನ್ಷನ್, ಮಕ್ಕಳ ಓದಿನ ನೆರವು, ಸರ್ಕಾರಿ ಕೆಲಸದ ಮೀಸಲಾತಿ, ವಿಧವೆಯರ ನೆರವು, ಎಲ್ಲ ಅಲ್ಲಿ ವಿಚಾರಿಸಬಹುದು. ಅಲ್ಲಿಗೆ ಹೆಂಗಸರೇ ಹೋಗಬಹುದೇ ಎಂದು ಒಬ್ಬರು ಕೇಳಿದ್ದರು. ಧಾರಾಳವಾಗಿ ಹೋಗಬಹುದು.

ಇನ್ನು ಕಾಗದಪತ್ರ. ಡಿಸ್ಚಾರ್ಜ್ ಪುಸ್ತಕ ಮತ್ತು ಪಿ.ಪಿ.ಓ. ಎನ್ನುವ ಪೆನ್ಷನ್ ಆದೇಶದ ಎರಡೆರಡು ನಕಲು ತೆಗೆಸಿ ಬೇರೆ ಬೇರೆ ಕಡೆ ಇಡಿ. ಅವುಗಳಲ್ಲಿ ನಿಮ್ಮ ಹೆಸರೂ ಹುಟ್ಟಿದ ದಿನವೂ ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಇದೆಯೇ, ಅಕ್ಷರ ಅಕ್ಷರ ಕೂಡಿಸಿ ನೋಡಿ. ತವರಿನಲ್ಲಿ ಕರೆಯುವ ಹೆಸರು ಒಂದು, ದಂಡಿನ ದಾಖಲೆಯ ಹೆಸರು ಇನ್ನೊಂದು ಆಗಿ, ಮುಂದೆ ಕುಟುಂಬ ಪೆನ್ಷನ್ನಿಗೆ ಅಲೆಯುವ ಹೆಂಗಸರಿದ್ದಾರೆ. ತಪ್ಪಿದ್ದರೆ ಯಜಮಾನರು ಇರುವಾಗಲೇ ತಿದ್ದಿಸಿ. ಇದು ಅಪಶಕುನದ ಮಾತಲ್ಲ, ಬುದ್ಧಿವಂತಿಕೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಭಾನುವಾರದ ಲಂಗರ್ ಬೇಳೆ

ಅಡುಗೆ ಇಲ್ಲದೆ ಮುಗಿಸಿದರೆ ನೀವು ಬಿಡುತ್ತೀರಾ? ದಂಡಿನಲ್ಲಿ ಅಡುಗೆಮನೆಯನ್ನು ಲಂಗರ್ ಎನ್ನುತ್ತಾರೆ. ಒಂದು ಭಾನುವಾರ ನಮ್ಮ ತಮ್ಮ, "ಇವತ್ತು ಲಂಗರ್ ನನ್ನದು" ಎಂದು ಒಲೆಯ ಮುಂದೆ ನಿಂತ. ಹೆಂಡತಿ ಹೊಸಲ ಮೇಲೆ ಕುಳಿತು ನೋಡಿದಳು. ಈಗ ಅದು ಪದ್ಧತಿಯಾಗಿದೆ.

ಅರ್ಧ ಲೋಟ ಕಡಲೆಬೇಳೆ, ಅರ್ಧ ಲೋಟ ಹೆಸರುಬೇಳೆ ತೊಳೆದು ಅರ್ಧ ಗಂಟೆ ನೆನೆಸಿ. ನಾಲ್ಕು ಲೋಟ ನೀರು, ಚಿಟಿಕೆ ಅರಿಶಿನ, ಜಜ್ಜಿದ ಒಂದು ಬೆರಳುದ್ದ ಶುಂಠಿ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಬಾಣಲೆಯಲ್ಲಿ ಎರಡು ಚಮಚ ಕಡಲೆಕಾಯಿ ಎಣ್ಣೆ ಕಾಯಿಸಿ, ಒಂದು ಚಮಚ ಜೀರಿಗೆ ಸಿಡಿಸಿ, ಎಂಟು ಎಸಳು ಬೆಳ್ಳುಳ್ಳಿ, ದೊಡ್ಡ ಈರುಳ್ಳಿ ಒಂದನ್ನು ಸಣ್ಣಗೆ ಹೆಚ್ಚಿ ಕೆಂಪಗೆ ಹುರಿಯಿರಿ. ಎರಡು ಟೊಮೇಟೊ, ಒಂದು ಚಮಚ ಖಾರದಪುಡಿ, ಒಂದು ಚಮಚ ಧನಿಯಪುಡಿ, ಉಪ್ಪು ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ ಬೇಳೆಗೆ ಸುರಿಯಿರಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಯಲಿ. ಇದು ತಮ್ಮನ ರೀತಿ, ಚಪಾತಿಗೆ. ಅವನ ಹೆಂಡತಿ ಅದರಲ್ಲೇ ಅರ್ಧ ತೆಗೆದು, ಬಿಸಿನೀರು ಬೆರೆಸಿ ತೆಳ್ಳಗೆ ಮಾಡಿ, ಒಂದು ಚಮಚ ಹುಣಿಸೆರಸ, ಕರಿಬೇವು ಹಾಕಿ ಮುದ್ದೆಗೆ ಸಾರು ಮಾಡುತ್ತಾಳೆ. ಒಂದೇ ಪಾತ್ರೆಯ ಬೇಳೆ, ಎರಡು ಅಡುಗೆ. ಯಾರೂ ಯಾರಿಗೂ ಸೋಲಬೇಕಾಗಿಲ್ಲ.

ಹೆಸರು ಬರೆಯದ ಸೋದರೀ, ನಿನಗೆ ಕಡೆಯ ಮಾತು. ನೀನು ಹದಿನಾರು ವರ್ಷ ಕಾದದ್ದು ಸುಳ್ಳಾಗಿಲ್ಲ. ಅವರು ಊರಿಗೆ ಬಂದಿದ್ದಾರೆ, ಮನೆಗೆ ಬಂದು ಮುಟ್ಟಲು ಇನ್ನೂ ಸ್ವಲ್ಪ ದಾರಿ ಇದೆ. ಆ ದಾರಿಯಲ್ಲಿ ನೀನೊಬ್ಬಳೇ ನಿಂತು ಕಾಯಬೇಡ. ಇವತ್ತೇ ಒಂದು ಫೋನು ಮಾಡು. ಆಮೇಲೆ ನನಗೊಂದು ಕಾಗದ ಬರಿ. ಈ ಸಲವೂ ಹೆಸರು ಬೇಡ, ನಿದ್ದೆ ಬಂತೇ ಎಂದಷ್ಟೇ ತಿಳಿಸು.

ನಿಮ್ಮೆಲ್ಲರ,
ಅಕ್ಕ